ಮೊಮ್ಮಕ್ಕಳಿಗೆ ಕೌದಿ, ಒಳಗೆ ಏನು ಹಾಕ್ಲಿ?

ಮೈಸೂರಜ್ಜಿ:
ನಮಸ್ಕಾರ, ಇಬ್ಬರು ಮೊಮ್ಮಕ್ಕಳಿಗೂ ಒಂದೊಂದು ಕೌದಿ ಹೊಲಿಯೋಣ ಅಂತಿದೀನಿ, ಬ್ಲೌಸ್ ಪೀಸು, ಫ್ರಾಕ್ ಹೊಲಿದು ಉಳಿದ ತುಂಡು ಎಲ್ಲಾ ಸೇರಿ ಒಂದು ಚೀಲ ತುಂಬಾ ಇದೆ, ಕಾಟನ್ನೂ ಇದೆ ಪಾಲಿಸ್ಟರ್ರೂ ಇದೆ. ಎರಡೂ ಸೇರಿಸಬಹುದಾ? ಒಳಪದರಕ್ಕೆ ಏನು ಹಾಕ್ತೀರಾ? ಚಿಕ್ಕದಕ್ಕೆ ಇನ್ನೂ 8 ತಿಂಗಳು.

ಧಾರವಾಡದಾಕಿ:
ಅಕ್ಕಾರ, ಪಾಲಿಸ್ಟರ್ ಬ್ಯಾಡ್ರಿ, ಕೂಸು ಬೆವರ್ತದ, ಮತ್ತ ಕಾಟನ್ ಒಗದಮ್ಯಾಲ ಒಂದೀಟು ಕುಗ್ಗತದ ಅದು ಕುಗ್ಗಂಗಿಲ್ಲ, ಹೊಲಿಗಿ ಎಲ್ಲಾ ಸುಕ್ಕಾಗ್ತದ. ಹೊಸಾ ತುಂಡು ಇದ್ರ ಮೊದಲ ನೀರಾಗ ನೆನಸಿ ಒಣಗಿಸ್ರಿ. ಒಳಗ ನಾವು ಹಳೀ ನೂಲಿನ ಸೀರಿ, ಧೋತರ ಹಾಕ್ತೀವಿ, ಒಗದು ಒಗದು ಮೆತ್ತಗಾಗಿರ್ತಾವ. ನಮ್ಮವ್ವನ ಇಳಕಲ್ ಸೀರಿ ಸೆರಗು ನನ್ನ ಮೊಮ್ಮಗನ ಕೌದಿ ನಡುವ ಅದ, ಅವ ಅದನ್ನ ಗಲ್ಲಕ್ಕ ಒತ್ತಿಕೊಂಡ ಮಲಗತಾನ.

ಯಲ್ಲಾಪುರ ಮನೆ:
ನಮ್ಮ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯೋ ಕವಂದಿ, ಅಂದ್ರೆ ಅವರ ಕೌದಿ, ನೋಡಿದೀರಾ? ಅಂಚಿಂದ ಶುರು ಮಾಡಿ ಸುತ್ತ ಸುತ್ತ ನಡುವಿಗೆ ಬರ್ತಾರೆ, ತುಂಡಿನ ಅಂಚು ಒಳಗೆ ಮಡಚ್ಕೊಂಡು ಹಾಗೇ ಕೈಯಲ್ಲೇ ರನ್ನಿಂಗ್ ಸ್ಟಿಚ್ಚು, ಕೊನೆಗೆ ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಹೂವು ಹಾಕ್ತಾರೆ, ಅದಿಲ್ದೆ ಅದು ಪೂರ್ತಿಯಾದ ಹಾಗಲ್ಲ. ಅಳತೆ ಸರಿಯಿಲ್ಲದ ತುಂಡಿಗೆ ಈ ಕ್ರಮವೇ ಚಲೋ. 8 ತಿಂಗಳ ಮಗುಗೆ ಮಣಿ, ಗುಂಡಿ ಮಾತ್ರ ಹಚ್ಬೇಡಿ, ಕಿತ್ತು ಬಾಯಿಗೆ ಹಾಕ್ಕೊಳ್ತವೆ. ಮಲಗಿಸುವಾಗ ಹೊದಿಸೋದೂ ಬೇಡ, ಸದ್ಯ ನೆಲದ ಮೇಲೆ ಹಾಸಿ ಆಡೋಕ್ಕೆ ಬಿಡಿ.

ಮೈಸೂರಜ್ಜಿ:
ತುಂಬಾ ಥ್ಯಾಂಕ್ಸ್, ನಮ್ಮ ಯಜಮಾನರ ಎರಡು ಹಳೇ ಪಂಚೆ ತೆಗೆದಿಟ್ಟೆ, ನಾಳೆ ಅಂಚಿಂದಲೇ ಶುರು.