ಮಾರುತಿ 800: ಎಡಗಡೆ ಮ್ಯಾಟ್ ಒದ್ದೆ, ಗಾಜಿನ ಮೇಲೆ ಜಿಡ್ಡು ಮಂಜು. ಹೀಟರ್ ಕಾಯಿಲ್ ಮನೆಯಲ್ಲೇ ಬದಲಿಸಬಹುದಾ?

ತಾಳವಾಡಿ 800

ಎಲ್ಲರಿಗೂ ನಮಸ್ಕಾರ. ನಮ್ಮದು 1998ರ ಮಾರುತಿ 800, ಎಸಿ ಇರುವ ಗಾಡಿ. ಅಪ್ಪ ಕೊಂಡಿದ್ದು. ಈಗಲೂ ಮನೆಯವರೆಲ್ಲ ಓಡಾಡುವುದು ಇದರಲ್ಲೇ.

ಕೆಲವು ವಾರಗಳಿಂದ ಮುಂದೆ ಎಡಗಡೆ ಕೂರುವವರ ಕಾಲಡಿ ಮ್ಯಾಟ್ ಒದ್ದೆಯಾಗುತ್ತಿದೆ. ಬೆಳಿಗ್ಗೆ ಚಳಿಗೆ ಹೀಟರ್ ಹಾಕಿದರೆ ಏನೋ ಸಿಹಿ ವಾಸನೆ ಬರುತ್ತದೆ, ಮುಂದಿನ ಗಾಜಿನ ಒಳಗೆ ಮಂಜು ಕೂರುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಹೋಗುವುದಿಲ್ಲ, ಇನ್ನಷ್ಟು ಹರಡಿಕೊಳ್ಳುತ್ತದೆ. ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಬಾಟಲಿ ಆಗಾಗ ಖಾಲಿಯಾಗುತ್ತದೆ. ಸತ್ಯಮಂಗಲದಿಂದ ವಾಪಸ್ ದಿಂಬಂ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. 27 ತಿರುವುಗಳ ನಡುವೆ, ಕಾಡಿನಲ್ಲಿ, ಮನೆಯವರನ್ನು ಕೂರಿಸಿಕೊಂಡು ನಿಲ್ಲಿಸಬೇಕಾದರೆ ಎಂದು ಭಯ.

ಇಲ್ಲಿನ ಒಬ್ಬ ಮೆಕ್ಯಾನಿಕ್ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು, ಅಷ್ಟು ಹೊತ್ತು ನನಗೆ ಬಿಡುವಿಲ್ಲ ಎಂದರು. ಸದ್ಯಕ್ಕೆ ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿ ಓಡಿಸಿ ಎಂದರು. ನಮ್ಮ ಹತ್ತಿರ ಸ್ಪ್ಯಾನರ್ ಸೆಟ್ ಇದೆ, ಕೆಲಸ ಕಲಿಯುವ ಆಸೆಯೂ ಇದೆ. ಮಾಡಬಹುದಾ?

ಕುಂಬಳೆ ಮಳೆ

ಮೊದಲು ಅದು ಯಾವ ನೀರು ಅಂತ ನೋಡಿ. ನಮ್ಮ ಕಾಸರಗೋಡು ಕಡೆ ಮಳೆಗಾಲದಲ್ಲಿ ಹಳೆ ಗಾಡಿಯ ಮ್ಯಾಟ್ ಒದ್ದೆಯಾದರೆ ಮುಕ್ಕಾಲು ಪಾಲು ಅದು ಮಳೆ ನೀರೇ. ಗಾಜಿನ ರಬ್ಬರ್ ಬಿರುಕು ಬಿಟ್ಟಿರುತ್ತದೆ, ಇಲ್ಲ ವೈಪರ್ ಕೆಳಗಿನ ತಗಡು ತುಕ್ಕು ಹಿಡಿದು ತೂತಾಗಿರುತ್ತದೆ. ಎಸಿಯ ಡ್ರೈನ್ ಪೈಪ್ ಕಟ್ಟಿಕೊಂಡರೂ ನೀರು ಒಳಗೇ ಬೀಳುತ್ತದೆ.

ಮ್ಯಾಟ್ ಎತ್ತಿ ಕೆಳಗೆ ಬಿಳಿ ಕಾಗದ ಒತ್ತಿ. ಮಳೆ ನೀರು, ಎಸಿ ನೀರು ಆದರೆ ಬಣ್ಣ ಇರುವುದಿಲ್ಲ, ಬೇಗ ಒಣಗುತ್ತದೆ. ಕೂಲೆಂಟ್ ಆದರೆ ಬಣ್ಣ ಹತ್ತುತ್ತದೆ, ಬೆರಳಿಗೆ ಜಾರುತ್ತದೆ. ಬಾಯಿಗೆ ಮಾತ್ರ ಇಟ್ಟು ನೋಡಬೇಡಿ, ಅದು ವಿಷ.

ಹೊಸೂರು ಸ್ಪ್ಯಾನರ್

ಸಿಹಿ ವಾಸನೆ, ಜಿಡ್ಡು ಮಂಜು, ಕಡಿಮೆಯಾಗುವ ಕೂಲೆಂಟ್. ಮೂರೂ ಒಟ್ಟಿಗೆ ಇದ್ದರೆ ಕೂಲೆಂಟ್ ಗಾಡಿಯ ಒಳಗೇ ಸೋರುತ್ತಿದೆ ಅನ್ನಬಹುದು. ಆದರೂ ಕಾಯಿಲ್ ಹೋಗಿದೆ ಅಂತ ಈಗಲೇ ತೀರ್ಮಾನ ಬೇಡ. ಹೀಟರ್ ಕಾಯಿಲ್ ಅಂದರೆ ಒಂದು ಸಣ್ಣ ರೇಡಿಯೇಟರ್ ಅಷ್ಟೆ. ಎಂಜಿನ್‌ನ ಬಿಸಿ ಕೂಲೆಂಟ್ ಒಂದು ಹೋಸ್‌ನಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತದೆ, ಬ್ಲೋವರ್ ಅದರ ಮೂಲಕ ಗಾಳಿ ತಳ್ಳುತ್ತದೆ. ಹೋಸ್‌ನ ತುದಿ, ಕ್ಲಾಂಪ್, ನೀರು ಬಿಟ್ಟು ನಿಲ್ಲಿಸುವ ವಾಲ್ವ್, ಎಲ್ಲಿ ಸೋರಿದರೂ ಮ್ಯಾಟ್ ಒದ್ದೆಯಾಗಬಹುದು. ಅಷ್ಟಕ್ಕೇ ಡ್ಯಾಶ್‌ಬೋರ್ಡ್ ಇಳಿಸಿದರೆ ಸುಮ್ನೆ ಕೆಲಸ. ಟಾರ್ಚ್ ಹಿಡಿದು ಗ್ಲೋವ್ ಬಾಕ್ಸ್ ಕಡೆಯಿಂದ ಮೊದಲು ಕೆಳಗೆ ನೋಡಿ.

ನನ್ನ ಮಾತು ಕೇಳುವುದಾದರೆ ಮೊದಲ ಕೆಲಸ ಬೈಪಾಸ್, ಅಂದರೆ ಕೂಲೆಂಟ್ ಹೀಟರ್ ಕಡೆ ಹೋಗದಂತೆ ಮಾಡುವುದು. ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಯಾವ ಕಾರಣಕ್ಕೂ ತೆಗೆಯಬೇಡಿ, ಒಳಗಿನ ಒತ್ತಡಕ್ಕೆ ಕುದಿಯುವ ನೀರು ಮುಖಕ್ಕೇ ಬರುತ್ತದೆ. ತಣ್ಣಗಾದ ಮೇಲೆ ಎಂಜಿನ್ ಕಡೆಯಲ್ಲಿ ಹೀಟರ್‌ನ ಎರಡು ಹೋಸ್ ಬಿಚ್ಚಿ, ಒಳಗಿನ ಅಳತೆಗೆ ಕೂರುವ ಹಿತ್ತಾಳೆ ಪೈಪ್ ತುಂಡು ಹಾಕಿ ಒಂದಕ್ಕೊಂದು ಸೇರಿಸಿ. ಎರಡಕ್ಕೂ ಬಿರಡೆ ಹೊಡೆದು ಮುಚ್ಚಬೇಡಿ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್) ಮುಚ್ಚಿರುವಾಗ ನೀರು ಸುತ್ತುವುದೇ ಆ ದಾರಿಯಲ್ಲಿ. ಪಿವಿಸಿ ಪೈಪ್ ಬೇಡ, ಬಿಸಿಗೆ ಮೆತ್ತಗಾಗುತ್ತದೆ.

ಬೈಪಾಸ್ ಮಾಡಿ ಊರೊಳಗೆ ಸ್ವಲ್ಪ ದಿನ ಓಡಿಸಿ. ಮ್ಯಾಟ್ ಒಣಗಿ, ಕೂಲೆಂಟ್ ನಿಂತಲ್ಲೇ ನಿಂತರೆ ತೊಂದರೆ ಹೀಟರ್ ಕಡೆಯೇ. ಬೈಪಾಸ್ ಆದ ಮೇಲೂ ಕೂಲೆಂಟ್ ಇಳಿಯುತ್ತಿದ್ದರೆ ಬೇರೆ ಕಡೆ ಹುಡುಕಬೇಕು. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ನಿಲ್ಲದೆ ಬಂದರೆ, ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆತ ಕಾಫಿ ಬಣ್ಣ ಕಂಡರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್, ಹೆಡ್ ನಡುವಿನ ಸೀಲ್) ಮೆಕ್ಯಾನಿಕ್‌ಗೆ ತೋರಿಸಿ. ಅದು ಗೊತ್ತಾಗುವ ತನಕ ಘಾಟಿ ಹತ್ತಬೇಡಿ.

ಅರಿಶಿನ ಪುಡಿ ಬೇಡವೇ ಬೇಡ. ದಾರಿಯಲ್ಲಿ ಸಿಕ್ಕಿಕೊಂಡವರು ಮನೆ ಮುಟ್ಟಲು ಹಿಂದಿನಿಂದಲೂ ಹಾಕುತ್ತಾರೆ, ಸಣ್ಣ ತೂತು ಒಂದಷ್ಟು ಹೊತ್ತು ಮುಚ್ಚುವುದೂ ನಿಜ. ಆಮೇಲೆ ಅದೇ ಪುಡಿ ಕೆಸರಾಗಿ ಹೀಟರಿನ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂರುತ್ತದೆ. ಸೋರಿಕೆ ನಿಲ್ಲಿಸಲು ಹೋಗಿ ಎಂಜಿನ್ ಕಾಯಿಸಿಕೊಂಡಂತಾಗುತ್ತದೆ. ಅಂಗಡಿಯಲ್ಲಿ ಸಿಗುವ ಲೀಕ್ ಸ್ಟಾಪ್ ಡಬ್ಬಿಗೂ ಇದೇ ಮಾತು.

ತಾಳವಾಡಿ 800

ತುಂಬಾ ಥ್ಯಾಂಕ್ಸ್ ಅಣ್ಣ. ಕಾಗದಕ್ಕೆ ಹಸಿರು ಬಣ್ಣ ಹತ್ತಿತು. ಹೋಸ್, ಕ್ಲಾಂಪ್, ವಾಲ್ವ್ ಎಲ್ಲ ಒಣಗಿಯೇ ಇವೆ. ಬೈಪಾಸ್ ಮಾಡಿದ ಮೇಲೆ ಬಾಟಲಿಯ ಮಟ್ಟ ಇಳಿದಿಲ್ಲ, ವಾಸನೆಯೂ ಇಲ್ಲ. ತೊಂದರೆ ಕಾಯಿಲ್‌ನದ್ದೇ ಅಂತಾಯಿತಲ್ವಾ? ಬಿಚ್ಚುವಾಗ ಏನೇನು ಜಾಗ್ರತೆ?

ಹೊಸೂರು ಸ್ಪ್ಯಾನರ್

ಹೌದು, ಕಾಯಿಲ್‌ನದ್ದೇ. ಇನ್ನು ಧೈರ್ಯವಾಗಿ ಬಿಚ್ಚಿ. ನಿಮ್ಮ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ಅದೊಂದು ನೆಮ್ಮದಿ. ಏರ್‌ಬ್ಯಾಗ್ ಇರುವ ಗಾಡಿಯವರು ಇದನ್ನು ಓದಿ ಕೈ ಹಾಕಬೇಡಿ.

ಬ್ಯಾಟರಿಯ ನೆಗೆಟಿವ್ ತೆಗೆದೇ ಶುರು ಮಾಡಿ. ಕೂಲೆಂಟ್ ಬಸಿಯಿರಿ. ಮುಂದಿನ ಸೀಟುಗಳನ್ನು ಬಿಚ್ಚಿ ಹೊರಗಿಟ್ಟರೆ ಬೆನ್ನಿಗೆ ಒಳ್ಳೆಯದು, ಕೈಯಾಡಲು ಜಾಗವೂ ಸಿಗುತ್ತದೆ. ಪ್ರತಿ ವೈರ್ ಸಾಕೆಟ್, ಪ್ರತಿ ಕೇಬಲ್ ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಹೀಟರ್ ಗುಂಡಿಗಳಿಂದ ಹೋಗುವ ಕೇಬಲ್ ಯಾವ ಕ್ಲಿಪ್‌ನಲ್ಲಿ ಎಷ್ಟು ಉದ್ದಕ್ಕೆ ಕೂತಿದೆ ಅನ್ನುವುದಕ್ಕೆ ಬಣ್ಣದಲ್ಲಿ ಗುರುತು ಹಾಕಿ. ಅದು ಸ್ವಲ್ಪ ಆಚೀಚೆ ಆದರೂ ಆಮೇಲೆ ಬಿಸಿ ಗಾಳಿ ಪೂರ್ತಿ ಬರುವುದಿಲ್ಲ, ಇಲ್ಲ ಪೂರ್ತಿ ನಿಲ್ಲುವುದಿಲ್ಲ. ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಗುಂಡಿಗಳಲ್ಲಿ ಬಿಚ್ಚಿದ ಕ್ರಮದಲ್ಲೇ ಹಾಕಿಡಿ. ಹಳೆ ಪ್ಲಾಸ್ಟಿಕ್ ಒಣಗಿ ಗಟ್ಟಿಯಾಗಿರುತ್ತದೆ, ಬಿಸಿಲು ಬಿದ್ದು ಸ್ವಲ್ಪ ಬೆಚ್ಚಗಾದ ಮೇಲೆ ಕೈ ಹಾಕಿದರೆ ಮುರಿಯುವುದು ಕಡಿಮೆ. ಎಲ್ಲಿಯಾದರೂ ಬರುತ್ತಿಲ್ಲ ಅಂದರೆ ಎಳೆಯಬೇಡಿ, ಇನ್ನೊಂದು ಸ್ಕ್ರೂ ಇದೆ ಅಂತಲೇ ಅರ್ಥ.

ಎಸಿ ಗ್ಯಾಸ್ ಪೈಪ್‌ಗಳನ್ನು ಮಾತ್ರ ಮುಟ್ಟಬೇಡಿ. ಗ್ಯಾಸ್ ಹೊರಗೆ ಚಿಮ್ಮಿದರೆ ಚರ್ಮ, ಕಣ್ಣು ಹೆಪ್ಪುಗಟ್ಟಿ ಹಾಳಾಗುತ್ತವೆ. ಅದನ್ನು ತೆಗೆಯದೆ ಹೀಟರ್ ಡಬ್ಬಿ ಬರುವುದೇ ಇಲ್ಲ ಅನ್ನಿಸಿದರೆ ಎಸಿ ಕೆಲಸದವರನ್ನು ಕರೆಯಿರಿ.

ಅಂಟಿಕೊಂಡ ಹೋಸ್‌ಗಳನ್ನು ತಿರುಚಿ ಎಳೆದರೆ ಕಾಯಿಲ್‌ನ ಪೈಪ್ ಬಾಗುತ್ತದೆ. ಬ್ಲೇಡ್‌ನಿಂದ ಉದ್ದಕ್ಕೆ ಸೀಳಿ ತೆಗೆಯಿರಿ, ಹೇಗೂ ಹೊಸದು ಹಾಕಬೇಕು. ಹೋಸ್, ಕ್ಲಾಂಪ್, ಸುತ್ತಲಿನ ಫೋಮ್ ಮೂರನ್ನೂ ಬದಲಿಸಿ. ಫೋಮ್ ಇಲ್ಲದಿದ್ದರೆ ಗಾಳಿ ಕಾಯಿಲ್ ಒಳಗೆ ಹೋಗದೆ ಪಕ್ಕದಲ್ಲೇ ನುಸುಳುತ್ತದೆ. ಹತ್ತು ರೂಪಾಯಿ ಉಳಿಸಲು ಹೋಗಿ ಮತ್ತೆ ಡ್ಯಾಶ್‌ಬೋರ್ಡ್ ಇಳಿಸುವುದು ಯಾರಿಗೂ ಬೇಡ.

ಹೊಸ ಕಾಯಿಲ್ ಆದರೂ ಕೂರಿಸುವ ಮೊದಲು ಬಕೆಟ್ ನೀರಿನಲ್ಲಿ ಮುಳುಗಿಸಿ ನೋಡಿ. ಒಂದು ಪೈಪ್ ಮುಚ್ಚಿ, ಇನ್ನೊಂದಕ್ಕೆ ಗೇಜ್ ಇರುವ ಪಂಪ್‌ನಿಂದ ಮೆಲ್ಲಗೆ ಗಾಳಿ ಕೊಡಿ. 15 ಪಿಎಸ್‌ಐ ದಾಟಬೇಡಿ. ಗುಳ್ಳೆ ಬಂದರೆ ಅಂಗಡಿಗೆ ವಾಪಸ್. ಹಳೆಯದು ತಾಮ್ರ, ಹಿತ್ತಾಳೆಯದಾಗಿದ್ದರೆ ರೇಡಿಯೇಟರ್ ಅಂಗಡಿಯಲ್ಲಿ ಬೆಸುಗೆ ಹಾಕಿಸಬಹುದು. ಅಲ್ಯೂಮಿನಿಯಂ ಆದರೆ ಹೊಸದೇ ಹಾಕಿ.

ಕುಂಬಳೆ ಮಳೆ

ಡ್ಯಾಶ್‌ಬೋರ್ಡ್ ಇಳಿದಿರುವಾಗಲೇ ಬ್ಲೋವರ್ ಬಿಚ್ಚಿ ಕಸ ತೆಗೆಯಿರಿ, ಎಸಿ ಡ್ರೈನ್ ಪೈಪ್‌ಗೂ ನೀರು ಬಿಟ್ಟು ನೋಡಿ. ತಗಡಿನಲ್ಲಿ ತುಕ್ಕು ಕಂಡರೆ ಉಜ್ಜಿ ಪ್ರೈಮರ್ ಬಳಿಯಿರಿ. ಆ ಜಾಗ ಇನ್ನೊಮ್ಮೆ ಕಾಣುವುದಿಲ್ಲ.

ತಾಳವಾಡಿ 800

ಚಾಮರಾಜನಗರದಲ್ಲಿ ಹೋಸ್, ಕ್ಲಾಂಪ್ ಸಿಕ್ಕಿತು. ಕಾಯಿಲ್ ತರಿಸಿಕೊಟ್ಟರು. ಬಕೆಟ್‌ನಲ್ಲಿ ಗುಳ್ಳೆ ಬರಲಿಲ್ಲ, ಕೂರಿಸಿದ್ದೇನೆ. ಆದರೆ ಸ್ಟಾರ್ಟ್ ಮಾಡಿದರೆ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು, ಗಾಳಿಯೂ ತಣ್ಣಗೇ ಇದೆ. ಬೋರ್‌ವೆಲ್ ನೀರು ತುಂಬಿಸಿದ್ದೇನೆ, ಕೂಲೆಂಟ್ ಇನ್ನೂ ಹಾಕಿಲ್ಲ.

ಹೊಸೂರು ಸ್ಪ್ಯಾನರ್

ಒಳಗೆ ಗಾಳಿ ಸಿಕ್ಕಿಕೊಂಡಿದೆ, ಗಾಬರಿ ಬೇಡ. ಆ ಬೋರ್‌ವೆಲ್ ನೀರು ಪೂರ್ತಿ ಬಸಿದುಬಿಡಿ. ಗಡಸು ನೀರಿನ ಸುಣ್ಣ ಹೊಸ ಕಾಯಿಲ್‌ನಲ್ಲಿ ಕಟ್ಟುತ್ತದೆ. ಕೂಲೆಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ ಬೆರೆಸಿ ತುಂಬಿ. ಮೊದಲೇ ಬೆರೆಸಿದ ಕೂಲೆಂಟ್ ಆದರೆ ನೀರು ಬೇಡ.

ಗಾಡಿಯ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದಿಟ್ಟು, ಹೀಟರ್ ಪೂರ್ತಿ ಹಾಟ್‌ಗೆ ತಿರುಗಿಸಿ ಸ್ಟಾರ್ಟ್ ಮಾಡಿ. ಮುಳ್ಳು ಮೇಲೆ ಬರುತ್ತಾ ಗುಳ್ಳೆಗಳು ಏಳುತ್ತವೆ, ಮಟ್ಟ ಇಳಿದಂತೆ ಸ್ವಲ್ಪ ಸ್ವಲ್ಪ ಸೇರಿಸಿ. ಬಾಯಿಯ ಮೇಲೆ ಬಗ್ಗಿ ನೋಡಬೇಡಿ. ಗುಳ್ಳೆ ನಿಂತು, ಎರಡು ಹೀಟರ್ ಹೋಸ್‌ಗಳೂ ಮುಟ್ಟಲು ಬಿಸಿಯಾಗಿ, ಒಳಗೆ ಬಿಸಿ ಗಾಳಿ ಬಂದರೆ ಮುಚ್ಚಳ ಹಾಕಿ. ಒಂದು ಹೋಸ್ ಬಿಸಿ, ಇನ್ನೊಂದು ತಣ್ಣಗೇ ಉಳಿದರೆ ವಾಲ್ವ್ ತೆರೆಯುತ್ತಿಲ್ಲ, ಇಲ್ಲ ಇನ್ನೂ ಗಾಳಿ ಇದೆ.

ಬಸಿದ ಹಳೆ ಕೂಲೆಂಟ್ ಅಂಗಳದಲ್ಲಿ, ಚರಂಡಿಯಲ್ಲಿ ಚೆಲ್ಲಬೇಡಿ. ಸಿಹಿ ಅಂತ ನಾಯಿ, ಬೆಕ್ಕು ನೆಕ್ಕುತ್ತವೆ, ಸ್ವಲ್ಪ ಹೋದರೂ ಸಾಯುತ್ತವೆ. ನಿಮ್ಮದು ಕಾಡಂಚು ಬೇರೆ. ಮುಚ್ಚಳ ಇರುವ ಕ್ಯಾನ್‌ನಲ್ಲಿ ಮಕ್ಕಳಿಗೆ ಸಿಗದಂತೆ ಇಟ್ಟು, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜ್‌ನಲ್ಲಿ ಕೇಳಿ ಕೊಡಿ.

ತಾಳವಾಡಿ 800

ಬಂತು ಅಣ್ಣ, ಬಿಸಿ ಗಾಳಿ ಬಂತು! ಸದ್ದು ನಿಂತಿದೆ, ಎರಡು ಹೋಸ್‌ಗಳೂ ಬಿಸಿ ಇವೆ. ಗಾಜು ಒರೆಸಿದ್ದೇನೆ, ಮತ್ತೆ ಮಂಜು ಕೂತಿಲ್ಲ. ಇನ್ನು ಘಾಟಿ ಇಳಿಯಬಹುದಾ?

ಹೊಸೂರು ಸ್ಪ್ಯಾನರ್

ಖುಷಿಯಾಯಿತು. ಹೊಸ ಹೋಸ್ ಬಿಸಿಯಾಗಿ ಆರಿದ ಮೇಲೆ ಸ್ವಲ್ಪ ಕುಗ್ಗುತ್ತದೆ, ಕ್ಲಾಂಪ್ ಸಡಿಲವಾಗುತ್ತದೆ. ನಾಳೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಎಲ್ಲ ಕ್ಲಾಂಪ್ ಇನ್ನೊಮ್ಮೆ ಬಿಗಿ ಮಾಡಿ, ಮಟ್ಟ ನೋಡಿ. ಮೊದಲು ಚಾಮರಾಜನಗರಕ್ಕೆ ಹೋಗಿ ಬನ್ನಿ. ವಾಪಸ್ ಬಂದು ಆರಿದ ಮೇಲೂ ಬಾಟಲಿಯ ಮಟ್ಟ ಅಲ್ಲೇ ಇದ್ದರೆ ಸತ್ಯಮಂಗಲಕ್ಕೆ ಹೊರಡಿ.