ಜಗಳದ ಸೀನ್‌ನಲ್ಲಿ ಮಾತು ತುಟಿಗೆ ಹೊಂದುತ್ತಿಲ್ಲ, ಯಾರಾದರೂ ಸಹಾಯ ಮಾಡಿ

ತುಂಗಾತೀರ
ಶಿವಮೊಗ್ಗದಲ್ಲಿ ಕಾಲೇಜ್ ಪ್ರಾಜೆಕ್ಟ್‌ಗೆ ಕಿರುಚಿತ್ರ ಮಾಡುತ್ತಿದ್ದೇವೆ, ಹಳೇ ಹಾಲಿವುಡ್ ಸ್ಕ್ರೂಬಾಲ್ ಕಾಮಿಡಿಗಳ ಥರ, ಅಂದರೆ ಗಂಡು ಹೆಣ್ಣು ಪಟಪಟ ಮಾತಿನಲ್ಲಿ ಕಿತ್ತಾಡುವ ಪ್ರೇಮದ ಹಾಸ್ಯ. ಅಡಿಕೆ ಮಂಡಿ ಸಾಹುಕಾರರ ಮಗಳು, ಅವಳ ಬೆನ್ನು ಬಿದ್ದ ವರದಿಗಾರ. ತೀರ್ಥಹಳ್ಳಿ ಹತ್ತಿರದ ತೊಟ್ಟಿ ಮನೆಯ ಜಗಲಿಯಲ್ಲಿ ಇಬ್ಬರೂ ಉಸಿರು ಬಿಡದೆ ಜಗಳ ಆಡುತ್ತಾರೆ. ನಾಲ್ಕು ನಿಮಿಷ, ಒಂದೇ ಟೇಕ್. ಶುರುವಿನ ಕ್ಲ್ಯಾಪ್ ಹತ್ತಿರ ಆಡಿಯೋ ಸರಿಯಾಗಿ ಕೂರುತ್ತದೆ. ಕೊನೆ ಹೊತ್ತಿಗೆ ಅರ್ಧ ಸೆಕೆಂಡ್ ಹಿಂದೆ ಬಿದ್ದಿರುತ್ತದೆ. ಅವಳು ಬಾಯಿ ಮುಚ್ಚಿದ ಮೇಲೆ ಮಾತು ಕೇಳುತ್ತದೆ! ಈ ಥರದ ಸಿನಿಮಾದಲ್ಲಿ ಅರ್ಧ ಸೆಕೆಂಡ್ ತಪ್ಪಿದರೆ ನಗುವೇ ಬರಲ್ಲ. ಎರಡು ಕಾಲರ್ ಮೈಕ್, ಬೇರೆ ರೆಕಾರ್ಡರ್. ತಲೆ ಕೆಟ್ಟುಹೋಗಿದೆ.

ಸೌಂಡ್‌ಪೆಟ್ಟಿಗೆ
ಸ್ಯಾಂಪಲ್ ರೇಟ್. ಅಂದರೆ ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಅನ್ನುವುದು. ರೆಕಾರ್ಡರ್ 44.1 ಕಿಲೋಹರ್ಟ್ಸ್‌ನಲ್ಲಿ ಇರುತ್ತದೆ, ಎಡಿಟಿಂಗ್ ಪ್ರಾಜೆಕ್ಟ್ 48ರಲ್ಲಿ. ನೂರಕ್ಕೆ ನೂರು ಇದೇ.

ತುಂಗಾತೀರ
ನೋಡಿದೆ ಸರ್. ಎರಡೂ ಕಡೆ 48 ಇದೆ.

ಸಾಗರಸೀಮೆ
ಜಗಳದ ಸೀನ್‌ಗೆ ಕಾಲರ್ ಮೈಕ್ ಯಾಕೆ? ಸೀರೆ ಸೆರಗು ಉಜ್ಜಿ ಬರೀ ಸರಬರ ಕೇಳುತ್ತದೆ. ಬೂಮ್ ಹಿಡಿಯಬೇಕಿತ್ತು, ಕೋಲಿಗೆ ಕಟ್ಟಿ ತಲೆ ಮೇಲೆ ಹಿಡಿಯುವ ಮೈಕ್.

ಸೌಂಡ್‌ಪೆಟ್ಟಿಗೆ
ಇಬ್ಬರು ಒಟ್ಟಿಗೆ ಮಾತಾಡುವಾಗ ಒಂದು ಬೂಮ್ ಯಾರ ಕಡೆ ತಿರುಗಿಸುತ್ತೀರಿ ಮಾರಾಯ್ರೆ? ಕಾಲರ್ ಮೈಕೇ ಸರಿ. ತುಂಗಾತೀರ, ಮೆನುವಿನಲ್ಲಿ 48 ಅಂತ ಇದ್ದರೆ ಸಾಲದು, ಫೈಲ್ ತೆಗೆದು ನೋಡಿ. ನಾನು ಇದನ್ನು ಎಷ್ಟೋ ಕಡೆ ನೋಡಿದ್ದೇನೆ.

ತುಂಗಾತೀರ
ಫೈಲೂ 48 ಅಂತಲೇ ತೋರಿಸುತ್ತಿದೆ.

ಸೌಂಡ್‌ಪೆಟ್ಟಿಗೆ
ಹಾಗಾದರೆ ಎಕ್ಸ್‌ಪೋರ್ಟ್‌ನಲ್ಲಿ ಬದಲಾಗುತ್ತಿದೆ.

ಕತ್ತರಿಕೆಲಸ
ಸ್ವಲ್ಪ ಲೆಕ್ಕ ಹಾಕೋಣ. 48ರ ಫೈಲನ್ನು 44.1ರಲ್ಲಿ ಓಡಿಸಿದರೆ ನಾಲ್ಕು ನಿಮಿಷದ ಮಾತು 21 ಸೆಕೆಂಡ್ ಉದ್ದ ಆಗುತ್ತದೆ. ಹುಡುಗಿ ದನಿಯೂ ಸ್ವಲ್ಪ ದಪ್ಪ ಆಗುತ್ತದೆ. ಇವರದ್ದು ಬರೀ ಅರ್ಧ ಸೆಕೆಂಡ್. ಸ್ಯಾಂಪಲ್ ರೇಟ್ ಅಲ್ಲವೇ ಅಲ್ಲ. ತುಂಗಾತೀರ, ಕ್ಯಾಮೆರಾ ಯಾವುದು?

ತುಂಗಾತೀರ
ಫೋನ್. ಅದರ ಜೊತೆಗೇ ಬಂದ ಕ್ಯಾಮೆರಾ ಆ್ಯಪ್, 30 ಫ್ರೇಮ್. ಈಗ ಎಲ್ಲರೂ ಅದರಲ್ಲೇ ಅಲ್ವಾ ಶೂಟ್ ಮಾಡುವುದು?

ಕತ್ತರಿಕೆಲಸ
ಸಿಕ್ಕಿತು. ಫೋನ್ 30 ಅಂತ ಹೇಳಿದರೂ ಸೆಕೆಂಡಿಗೆ ಸರಿಯಾಗಿ 30 ಫ್ರೇಮ್ ಹಿಡಿಯುವುದಿಲ್ಲ. ಬೆಳಕು ಕಡಿಮೆ ಆದರೆ, ಫೋನ್ ಬಿಸಿ ಆದರೆ ಫ್ರೇಮ್ ಕಡಿಮೆ ಮಾಡುತ್ತದೆ. ಮಳೆಗಾಲದ ಜಗಲಿ ಅಂದರೆ ನಡುಮಧ್ಯಾಹ್ನವೂ ಮಬ್ಬು. ನಾಲ್ಕು ನಿಮಿಷಕ್ಕೆ 7200 ಫ್ರೇಮ್ ಬೇಕು. ಹದಿನೈದು ಕಡಿಮೆ ಬಂದರೂ ಅರ್ಧ ಸೆಕೆಂಡ್ ಹೋಯಿತು. ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ಸಮವಾದ 30 ಅಂದುಕೊಂಡರೆ ಚಿತ್ರ ಬೇಗ ಮುಗಿಯುತ್ತದೆ, ಮಾತು ಹಿಂದೆ ಉಳಿಯುತ್ತದೆ. ನೀವು ಹೇಳಿದ್ದೂ ಇದೇ.

ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋ ಸಾಫ್ಟ್‌ವೇರ್‌ನಲ್ಲಿ ವಿಡಿಯೋ ಫೈಲ್ ತೆರೆಯಿರಿ. ಫ್ರೇಮ್ ರೇಟ್ ಮೋಡ್ ಎದುರು ವೇರಿಯಬಲ್ (ಏರಿಳಿಯುವ) ಅಂತ ಇದ್ದರೆ ವಿಡಿಯೋ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರ್‌ಗೆ ಹಾಕಿ, ವಿಡಿಯೋ ವಿಭಾಗದಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ, 30 ಕೊಟ್ಟು ಹೊರತೆಗೆಯಿರಿ. ಆ ಹೊಸ ಫೈಲ್ ಮೇಲೆ ಎಡಿಟ್ ಮಾಡಿ. ಮೂಲ ಫೈಲ್ ಅಳಿಸಬೇಡಿ. ಮುಂದಿನ ಶೂಟಿಂಗ್‌ಗೆ ಫ್ರೇಮ್ ಲಾಕ್ ಮಾಡುವ ಆ್ಯಪ್ ಬಳಸಿ. 25 ಫ್ರೇಮ್, ಶಟರ್ ಸೆಕೆಂಡಿನ 1/50 ಇಡಿ. ನಮ್ಮ ಕರೆಂಟ್ 50 ಹರ್ಟ್ಸ್, ಟ್ಯೂಬ್‌ಲೈಟ್ ಮಿಣುಕುವುದಿಲ್ಲ.

ಸಾಗರಸೀಮೆ
ಸಿನಿಮಾ ಅಂದರೆ 24. 25 ಟಿವಿಯವರದ್ದು.

ಕತ್ತರಿಕೆಲಸ
24ಕ್ಕೂ ಶಟರ್ 1/50 ಇಟ್ಟರೆ ನಡೆಯುತ್ತದೆ. ಯಾವುದಾದರೂ ಒಂದು ಇಡಿ, ಕೊನೇವರೆಗೂ ಅದನ್ನೇ ಇಡಿ.

ಸೌಂಡ್‌ಪೆಟ್ಟಿಗೆ
ಸಿಂಕ್, ಅಂದರೆ ಮಾತು ತುಟಿಗೆ ಹೊಂದುವುದು, ಸರಿ ಆಗಬಹುದು. ಆದರೆ ಮಳೆ, ಜೀರುಂಡೆಗೆ ಏನು ಮಾಡುತ್ತೀರಿ? ನನ್ನ ಹತ್ತಿರ ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಶಾಟ್‌ಗನ್ ಮೈಕ್, ತುಪ್ಪಳದ ಕವರ್, ನಾಲ್ಕು ಚಾನೆಲ್ ರೆಕಾರ್ಡರ್ ಇದೆ. ಆಗುಂಬೆ ಮಳೆಯಲ್ಲೂ ಕೆಲಸ ಮಾಡಿದ್ದೇನೆ. ಜೀರುಂಡೆ ಸದ್ದು ತೆಗೆಯಲು ನಾಯ್ಸ್ ರಿಡಕ್ಷನ್ ಜಾಸ್ತಿ ಹಾಕಬೇಡಿ. ಸ, ಶ ಎಲ್ಲಾ ತಿಂದುಹಾಕುತ್ತದೆ. ಅದೇ ಜಗಲಿಯಲ್ಲಿ ಯಾರೂ ಮಾತಾಡದೆ ಒಂದು ನಿಮಿಷ ರೆಕಾರ್ಡ್ ಮಾಡಿ, ಕಟ್‌ಗಳ ಕೆಳಗೆ ಹಾಸಿ.

ಹೆಗ್ಗೋಡುದಾರಿ
ಸಿಂಕ್ ವಿಷಯ ನನ್ನದಲ್ಲ, ಸಂಭಾಷಣೆ ಬರೆಯುತ್ತೇನೆ. ತುಂಗಾತೀರ, ಇಬ್ಬರ ಮಾತೂ ಒಂದರ ಮೇಲೊಂದು ಬೀಳುತ್ತದೆ ಅಲ್ವಾ? ಅಲ್ಲಿ ಏನು ಕೇಳದೆ ಹೋಗುತ್ತಿದೆ ನೋಡಿ. 1940ರ ಹಿಸ್ ಗರ್ಲ್ ಫ್ರೈಡೇ ಸಿನಿಮಾದಲ್ಲಿ ನಿರ್ದೇಶಕ ಹೊವಾರ್ಡ್ ಹಾಕ್ಸ್ ಸಾಲಿನ ಮೊದಲಿಗೂ ಕೊನೆಗೂ ಬೇಡದ ಮಾತು ಸೇರಿಸುತ್ತಿದ್ದರು. ಇನ್ನೊಬ್ಬರು ಅದರ ಮೇಲೆ ಬಿದ್ದರೂ ಮುಖ್ಯ ಮಾತು ಉಳಿಯುತ್ತದೆ. ಕನ್ನಡಕ್ಕೆ ಇದು ಇನ್ನೂ ಜಾಸ್ತಿ ಬೇಕು, ಯಾಕೆಂದರೆ ಹೌದೋ ಅಲ್ಲವೋ ಅನ್ನುವುದು ನಮ್ಮಲ್ಲಿ ಸಾಲಿನ ಕೊನೆಗೆ ಬರುತ್ತದೆ.

ವರದಿಗಾರ "ನಿಮ್ಮಪ್ಪನ ಹತ್ತಿರ ನಾನು ಒಂದು ರೂಪಾಯಿನೂ ತಗೊಂಡಿಲ್ಲ" ಅನ್ನುತ್ತಾನೆ ಅಂದುಕೊಳ್ಳಿ. ಅವಳು "ತಗೊಂ" ಅನ್ನುವಾಗಲೇ ಬಾಯಿ ಹಾಕಿದರೆ ತಗೊಂಡನೋ ಇಲ್ಲವೋ ಯಾರಿಗೂ ತಿಳಿಯಲ್ಲ. "ತಗೊಂಡಿಲ್ಲ ಕಣ್ರೀ, ದೇವರಾಣೆ, ಬೇಕಾದ್ರೆ ಅವರನ್ನೇ ಕೇಳಿ" ಅಂತ ಬರೆಯಿರಿ. ಅವಳು "ದೇವರಾಣೆ" ಮೇಲೆ ಬೀಳಲಿ. ಅವಳ ಸಾಲೂ "ಅಯ್ಯೋ ಬಿಡ್ರೀ, ಬಿಡ್ರೀ" ಅಂತ ಶುರುವಾಗಲಿ. ಆಗ ಇಬ್ಬರೂ ಒಟ್ಟಿಗೆ ಕೂಗಿದರೂ ಒಂದು ವಿಷಯವೂ ಕಳೆಯುವುದಿಲ್ಲ.

ಕತ್ತರಿಕೆಲಸ
ಇದನ್ನು ಹಿಡಿದುಕೊಳ್ಳಿ. ಜೊತೆಗೆ ಇನ್ನೊಂದು: ಇಬ್ಬರೂ ಕಾಣುವ ಶಾಟ್‌ನಲ್ಲಿ ಮಾತು ಮೇಲೆ ಬಿದ್ದರೆ ಪರವಾಗಿಲ್ಲ. ಕ್ಲೋಸ್‌ಅಪ್‌ನಲ್ಲಿ ಮಾತ್ರ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡಲಿ. ಮೇಲೆ ಬೀಳಿಸುವುದನ್ನು ಎಡಿಟ್ ಮಾಡುವಾಗ ಟೈಮ್‌ಲೈನ್‌ನಲ್ಲಿ ಮಾಡಿ.

ತುಂಗಾತೀರ
ಮೀಡಿಯಾಇನ್ಫೋದಲ್ಲಿ ವೇರಿಯಬಲ್ ಅಂತಲೇ ಇತ್ತು. ಹ್ಯಾಂಡ್‌ಬ್ರೇಕ್‌ನಿಂದ ತೆಗೆದ ಫೈಲ್‌ಗೆ ಆಡಿಯೋ ಇಟ್ಟೆ. ಕೊನೇ ಸಾಲಿನಲ್ಲಿ ಅವಳು ಕೊಡೆ ಎತ್ತಿ ಕಂಬಕ್ಕೆ ಬಡಿಯುತ್ತಾಳೆ. ಆ ಸದ್ದು ಸರಿಯಾಗಿ ಅಲ್ಲೇ ಬಿತ್ತು! ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೆಗ್ಗೋಡುದಾರಿ ಅವರೇ, ಸಾಲುಗಳನ್ನು ತಿದ್ದಿ ಕ್ಲೋಸ್‌ಅಪ್ ಮತ್ತೆ ತೆಗೆಯುತ್ತೇವೆ. ಹೊಸ ಸಂಭಾಷಣೆ ಇಲ್ಲಿ ಹಾಕಿದರೆ ಒಮ್ಮೆ ನೋಡುತ್ತೀರಾ?

ಸೌಂಡ್‌ಪೆಟ್ಟಿಗೆ
ಒಳ್ಳೆಯದಾಯಿತು. ಆದರೂ ಎಕ್ಸ್‌ಪೋರ್ಟ್ ಮಾಡುವಾಗ 48 ಇದೆಯಾ ಅಂತ ನೋಡಿಕೊಳ್ಳಿ.