ಸಿಒ-4 ಹುಲ್ಲು, ಕ್ರೋಮೋಸೋಮ್, ಮತ್ತೆ ಗಡ್ಡೆ ಅರೆಯುವ ಫಾರ್ವರ್ಡ್: ತಳಿ ಮೇಡಂ ಹತ್ರ ಕೇಳಿ

ಬದಿಯಡ್ಕ: ನಮಸ್ಕಾರ ಮೇಡಂ. ದನಕ್ಕೆ ಹಾಕುವ ಸಿಒ-4 ನೇಪಿಯರ್ ಹುಲ್ಲಿನ ಬೀಜ ಎಲ್ಲಿ ಸಿಗ್ತದೆ? ತೆನೆ ಬಂತು, ಒಳಗೆ ಕಾಳೇ ಇಲ್ಲ.

ಮೇಡಂ: ನಮಸ್ಕಾರ. ಬೀಜ ಇಲ್ಲ. ಸಿಒ-4 ಅಂದ್ರೆ ಸಜ್ಜೆಗೆ ನೇಪಿಯರ್ ಹುಲ್ಲು ಕೂಡಿಸಿ ಮಾಡಿದ ಹೈಬ್ರಿಡ್. ಸಜ್ಜೆಯ ಕೋಶದಲ್ಲಿ 14 ಕ್ರೋಮೋಸೋಮ್ (ಜೀನ್‌ಗಳಿರುವ ಎಳೆ), ನೇಪಿಯರಲ್ಲಿ 28, ಎರಡರದ್ದೂ ಅರ್ಧ ಸೇರಿ ಹೈಬ್ರಿಡಲ್ಲಿ 21. ಸಜ್ಜೆಯ ಏಳಕ್ಕೆ ನೇಪಿಯರಿನ ಏಳು ಜೋಡಿ ಆಗ್ತವೆ, ಉಳಿದ ಏಳಕ್ಕೆ ಜೊತೆಯೇ ಇಲ್ಲ, ಪರಾಗ ಆಗುವಾಗ ಅವು ಎಲ್ಲೆಲ್ಲೋ ಚದುರಿ ಪರಾಗ ಜಳ್ಳಾಗ್ತದೆ. ಕಡ್ಡಿಯೇ ನೆಡಿ.

ಪೆರ್ಲ: ಕಡ್ಡಿ ನೆಟ್ಟೂ ನೆಟ್ಟೂ ತಳಿ ಕೆಡುದಿಲ್ವಾ? ಮೊದಲಿನಷ್ಟು ಹುಲ್ಲು ಬರುದಿಲ್ಲ.

ಮೇಡಂ: ಕಡ್ಡಿಯ ಕಣ್ಣು ಒಡೆದು ಚಿಗುರುವಾಗ ಆಗುದು ಸಾದಾ ಕೋಶ ವಿಭಜನೆ, ಅದಕ್ಕೆ ಜೋಡಿ ಬೇಡ. 21 ಇದ್ದದ್ದು 21 ಆಗಿಯೇ ಉಳೀತದೆ. ಸೋತದ್ದು ನಿಮ್ಮ ಮಣ್ಣು. ಸೆಗಣಿ ಸ್ಲರಿ ಬಿಡಿ, ಹಳೆ ಬುಡ ಕಿತ್ತು ಹೊಸತು ನೆಡಿ.

ಅಡೂರು: ಮೇಡಂ, ನಮ್ಮಲ್ಲಿ ಸಿಒ-4 ರ ಒಂದು ಬುಡದಲ್ಲಿ ಮಾತ್ರ ಎಲೆ ಸಪುರ, ರೋಮ ಜಾಸ್ತಿ, ಬೇಗ ತೆನೆ, ತಿಕ್ಕಿದ್ರೆ ನಾಲ್ಕೈದು ಕಾಳು ಸಹ ಸಿಕ್ತು. ಇದೆಂತ?

ಮೇಡಂ: ಇದನ್ನು ಕೊಯ್ಬೇಡಿ! ಮೊದಲು ಬುಡ ಬಿಡಿಸಿ ನೋಡಿ. ಬೇರೆಯೇ ಗಿಡ ಆಗಿದ್ರೆ ಬರೇ ನೇಪಿಯರ್ ಕಡ್ಡಿ ಸೇರಿರ್ಬೇಕು, ಅಥವಾ ನಮ್ಮ ಪದವಿನಲ್ಲಿ ಬರುವ ಹಳದಿ ತೆನೆಯ ಕಾಡು ಹುಲ್ಲು, ಅದೂ ಸಜ್ಜೆ, ನೇಪಿಯರಿನ ಪೆನ್ನಿಸೆಟಮ್ ಕುಲವೇ. ಆದ್ರೆ ಅದೇ ಬುಡದಿಂದ ಒಡೆದ ಚಿಗುರಾದ್ರೆ ಒಳಗೆ ಏನೋ ಆಗಿದೆ: ಕ್ರೋಮೋಸೋಮ್ ಬಿದ್ದು ಹೋಗಿರ್ಬಹುದು, ಇಲ್ಲಾ ತುಂಡಾಗಿ ಬೇರೆಯದಕ್ಕೆ ಅಂಟಿರ್ಬಹುದು, ಇಲ್ಲಾ ಆ ಚಿಗುರಿನಲ್ಲಿ 42 ಕ್ಕೆ ಇಮ್ಮಡಿ ಆಗಿರ್ಬಹುದು, ಕಾಳು ಇದೆ ಅಂದದ್ದಕ್ಕೆ ನನ್ನ ಸಂಶಯ ಅಲ್ಲಿಗೇ ಹೋಗ್ತದೆ, ಯಾಕಂದ್ರೆ 42 ಆದ್ರೆ ಪ್ರತಿಯೊಂದಕ್ಕೂ ಜೊತೆ ಸಿಗ್ತದೆ. ಹುಲ್ಲಿನ ಜಾತಿಯಲ್ಲಿ ಇಂಥದ್ದು ಹೊಸತಲ್ಲ. ಗೋಧಿಯ 1ಬಿ ಎಂಬ ಕ್ರೋಮೋಸೋಮಿನ ಸಣ್ಣ ತೋಳು ಹೋಗಿ ಆ ಜಾಗಕ್ಕೆ ರೈ ಧಾನ್ಯದ ತೋಳು ಕೂತದ್ದರಿಂದಲೇ ತುಕ್ಕುರೋಗ ತಡೆಯುವ ಜೀನ್‌ಗಳು ಎಷ್ಟೋ ತಳಿಗಳಿಗೆ ಬಂದದ್ದು. ಹಾಗಂತ ಗೋಧಿ ಸುಮ್ಮನೆ ಚೆಲ್ಲಾಪಿಲ್ಲಿ ಆಗುದಿಲ್ಲ, ತಪ್ಪು ಜೋಡಿ ಆಗದ ಹಾಗೆ ತಡೆಯುವ ಪಿಎಚ್1 ಎಂಬ ಜೀನ್ ಅದರ 5ಬಿ ಕ್ರೋಮೋಸೋಮಿನಲ್ಲಿ ಉಂಟು, 1958 ರಲ್ಲೇ ಗೊತ್ತಾದದ್ದು. ನೀವು ಆ ಚಿಗುರಿನ ಕಡ್ಡಿ ಚಟ್ಟಿಯಲ್ಲಿ ನೆಡಿ, ಬಿಳಿ ಬೇರು ಬಂದ ಕೂಡಲೇ ಹೇಳಿ, ಬೇರಿನ ತುದಿಯಲ್ಲಿ ಕ್ರೋಮೋಸೋಮ್ ಎಣಿಸ್ಬಹುದು.

ಕುಂಬಳೆ: ಸಿಒ-4 ಬೀಜ ಸಿಗ್ತದಾ ಮೇಡಂ?

ಮೇಡಂ: ಇಲ್ಲ. ಮೇಲೆ ಓದಿ.

ಮುಳ್ಳೇರಿಯ: ಫಾರ್ವರ್ಡ್ ಬಂದದ್ದು 🙏 “ಗೌರಿ ಹೂವಿನ ಗಡ್ಡೆ ಅರೆದು ಕಡ್ಡಿಯ ಕಣ್ಣಿಗೆ ಹಚ್ಚಿ, ಕ್ರೋಮೋಸೋಮ್ ಡಬ್ಬಲ್, ಹುಲ್ಲು ಡಬ್ಬಲ್, ಹಾಲು ಡಬ್ಬಲ್.”

ಮೇಡಂ: ದಯವಿಟ್ಟು ಅಳಿಸಿ. ಅದು ಅಗ್ನಿಶಿಖೆ, ಮಲಯಾಳದ ಮೇಂದೋನ್ನಿ. ಅದರಲ್ಲಿರುವ ಕಾಲ್ಚಿಸಿನ್ ವಿಷ, ಹೊಟ್ಟೆಗೆ ಹೋದ್ರೆ ಜೀವ ಹೋಗ್ತದೆ, ವಾಂತಿ ಶುರುವಾಗ್ಲಿಕ್ಕೇ ಗಂಟೆಗಟ್ಟಲೆ ಹಿಡೀತದೆ, ಅಷ್ಟರಲ್ಲಿ ಒಳಗೆ ಹಾನಿ ಆಗಿರ್ತದೆ. ಕೋಶ ಎರಡಾಗದ ಹಾಗೆ ತಡೆದು ಕ್ರೋಮೋಸೋಮ್ ಇಮ್ಮಡಿ ಮಾಡುದು ಹೌದು, ಲ್ಯಾಬಿನಲ್ಲಿ ಗ್ಲೌಸ್ ಹಾಕಿ ಅಳತೆ ನೋಡಿ ಮಾಡ್ತಾರೆ, ಆಗಲೂ ಒಂದೇ ಗಿಡದಲ್ಲಿ ಕೆಲವು ಕೋಶ 21 ಕೆಲವು 42 ಬರ್ತದೆ. ಅಡಿಗೆ ಕಲ್ಲಿನಲ್ಲಿ ಅರೆದು ದನದ ಹುಲ್ಲಿಗೆ ಹಚ್ಚುದಾ? ಮಕ್ಕಳಿರುವ ಮನೆಗಳು!

ಮುಳ್ಳೇರಿಯ: ನಾನು ಬರೆದದ್ದಲ್ಲ ಮೇಡಂ, ಬಂದದ್ದು ಕಳಿಸಿದ್ದು.

ಮೇಡಂ: ಓದಿ ಕಳಿಸಿ.

ಉಪ್ಪಳ: ಅದಕ್ಕೇ ಹೇಳುದು ಹೈಬ್ರಿಡೇ ಬೇಡ. ಪ್ರಕೃತಿಗೆ ವಿರುದ್ಧ.

ಪೆರ್ಲ: ಉಪ್ಪಳದಣ್ಣ ಸಕ್ಕರೆ ಬಿಟ್ಟಿದ್ದೀರಾ? ಕಬ್ಬೂ ಹೈಬ್ರಿಡೇ ಅಲ್ವಾ.

ಉಪ್ಪಳ: ಕಬ್ಬು ನಮ್ಮ ಹಿರಿಯರ ಕಾಲದ್ದು, ಗೊತ್ತಿಲ್ಲದ್ದು ಮಾತಾಡ್ಬೇಡಿ.

ಮೇಡಂ: ಪೆರ್ಲದವರು ಹೇಳಿದ್ದು ಸರಿ. ಕೊಯಮತ್ತೂರಲ್ಲಿ 1912 ರಲ್ಲಿ ಕಬ್ಬಿನ ತಳಿ ಕೇಂದ್ರ ಶುರುವಾಗಿ ರಸದ ಕಬ್ಬಿಗೆ ಕಾಡು ಕಬ್ಬು ಕೂಡಿಸಿದ್ರು, ನಮ್ಮ ಪಕ್ಕದ ತಲಶ್ಶೇರಿಯ ಜಾನಕಿ ಅಮ್ಮಾಳ್ ಅಲ್ಲೇ ಕಬ್ಬಿನ ಕ್ರೋಮೋಸೋಮ್ ಕೆಲಸ ಮಾಡಿದವರು. ಆ ಮಿಶ್ರಣದಲ್ಲಿ ರಸದ ಕಬ್ಬು ತನ್ನ 80 ಕ್ರೋಮೋಸೋಮನ್ನೂ ಪೂರ್ತಿ ಕೊಡ್ತದೆ, ಅರ್ಧ ಅಲ್ಲ! ಈಗಿನ ತಳಿಗಳಲ್ಲಿ 100 ರಿಂದ 130, ಕೆಲವು ಕ್ರೋಮೋಸೋಮ್ ಅರ್ಧ ಇದರದ್ದು ಅರ್ಧ ಅದರದ್ದು. ಆದ್ರೂ ತುಂಡು ನೆಟ್ಟು ಬೆಳೀತೇವೆ.

ಉಪ್ಪಳ: ಪುಸ್ತಕದ ಮಾತು. ನನ್ನ ದನಕ್ಕೆ ಊರಿನ ಹುಲ್ಲೇ ಸಾಕು.

ಪೆರ್ಲ: ಸಾಕಾದ್ರೆ ಈ ಗುಂಪಲ್ಲಿ ಎಂತ ಕೆಲಸ?

ಉಪ್ಪಳ: ನಿಮ್ಮ ಅಪ್ಪಣೆ ಕೇಳಿ ಸೇರಿದ್ದಲ್ಲ.

ಮಂಜೇಶ್ವರ: ಆಡಿಗೆ ಕೊಡ್ಬಹುದಾ ಈ ಹುಲ್ಲು?

ಕುಂಬಳೆ: ಬೀಜ ಆನ್‌ಲೈನಲ್ಲಿ ಉಂಟಲ್ಲ ಮೇಡಂ, ಪ್ಯಾಕೆಟ್ ಫೋಟೋ ಹಾಕಿದ್ದೇನೆ ನೋಡಿ.

ಮೇಡಂ: ಅದು ಸಿಒ-4 ಅಲ್ಲ. ಇನ್ನು ಬೀಜದ ಪ್ರಶ್ನೆಗೆ ಉತ್ತರ ಕೊಡುದಿಲ್ಲ.

ಮಂಜೇಶ್ವರ: ಆಡಿಗೆ??

ಅಡೂರು: ಮೇಡಂ ಮಣ್ಣು ಬಿಡಿಸಿದೆ. ಒಂದೇ ಬುಡ, ಚಿಗುರು ಅದಕ್ಕೇ ಅಂಟಿಕೊಂಡುಂಟು.

ಮೇಡಂ: ಹೌದಾ! ಆ ಕಾಳು ಕಾಗದದಲ್ಲಿ ಕಟ್ಟಿಡಿ, ಒದ್ದೆ ಮಾಡ್ಬೇಡಿ. ಫೋನ್ ಮಾಡ್ತೇನೆ.